ಮನೆದೇವರ ಹೆಸರು ಹೇಳಿ ಕರೆದೊಯ್ದವನು

“ಅಂವ ಗುಟ್ಟಿನ ಮಾತು ಬರೋಬ್ಬರಿ ಹೇಳಿದ್ನರಿ ಮೇಡಂ,” ಎಂದಳು ವರದಾ ಟೀಚರ್. ಇದನ್ನು ಅವಳು ಹೇಳುತ್ತಿದ್ದುದು ನಾಲ್ಕನೆಯ ಸಲ.

“ಹೇಳಿದ. ನೀವು ಹುಡುಗಿನ್ನ ಕೈಗೆ ಕೊಟ್ಟು ಕಳಿಸಿದ್ರಿ.”

“ನಿಯಮ ಹಂಗ ಅದರಿ. ಮಾತು ಸರಿ ಇದ್ರ ಕಳಸಬೇಕು, ತಪ್ಪಿದ್ರ ಕಳಸಬಾರದು. ನಾ ಪುಸ್ತಕ ತಗದು ತಾಳೆ ಹಾಕಿ ನೋಡೇ ಕಳಸೀನಿ.”

ಸಿಟ್ಟು ನನ್ನ ನೆತ್ತಿಗೇರಿತ್ತು. ಆದರೆ ಯಾರ ಮೇಲೆ ಹಾಯುವುದು? ಎದುರಿಗೆ ಕೂತವಳಿಗೆ ಇನ್ನೂ ಇಪ್ಪತ್ತಾರು. ಅತ್ತು ಅತ್ತು ಸೆರಗಿನ ತುದಿ ಒದ್ದೆಯಾಗಿತ್ತು. ನಿಯಮ ಪಾಲಿಸಿದವರನ್ನು ಬೈಯಲು ನನ್ನಂಥ ಬಾಯಿಬಡುಕಿಗೂ ಮಾತು ಸಿಗುವುದಿಲ್ಲ.

ಶನಿವಾರದ ಬೆಳಗಿನ ಶಾಲೆ ಹನ್ನೊಂದೂವರೆಗೆ ಬಿಟ್ಟಾಗ ಒಬ್ಬ ಗಂಡಸು ಗೇಟಿಗೆ ಬಂದು ನಾಲ್ಕನೆಯ ತರಗತಿಯ ಗಂಗಾಳನ್ನು ಕರೆದುಕೊಂಡು ಹೋಗಿದ್ದ. ಈಗ ಎರಡೂ ಮುಕ್ಕಾಲು. ನನ್ನ ಕೈಯಲ್ಲಿದ್ದದ್ದು ಇಷ್ಟೇ. ಮತ್ತೆ ಒಂದು ಗುರುತು: ಅವನ ಬಲಗಿವಿಯ ಹಾಲೆ ಹರಿದಿತ್ತಂತೆ.

ಎ.ಎಸ್.ಐ. ಯಶೋಧಾ ಬಂದರೆ ಮೊದಲು ಬೈಗುಳ, ಆಮೇಲೆ ತನಿಖೆ ಎಂದು ಬೈಲಹೊಂಗಲದಿಂದ ಸವದತ್ತಿಯವರೆಗೆ ನನಗೊಂದು ಹೆಸರಿದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಕಳೆದುಹೋದ ಎಮ್ಮೆಯಿಂದ ಹಿಡಿದು ಕಳೆದುಹೋದ ಗಂಡನವರೆಗೆ ಹುಡುಕಿದ್ದೇನೆ. ಮಕ್ಕಳ ಪ್ರಕರಣ ಬಂದರೆ ಮಾತ್ರ ಇಂದಿಗೂ ಊಟದ ತಾಟು ಬಿಟ್ಟು ಜೀಪು ಹತ್ತುತ್ತೇನೆ.

ಶಾಲೆ ಇದ್ದ ಹೊಸಗಟ್ಟಿ ಊರು ನೇಸರಗಿಯಿಂದ ಆರು ಕಿಲೋಮೀಟರು. ಗಂಗಾಳ ಅಪ್ಪ ಸಂಗಪ್ಪನಿಗೆ ಊರಲ್ಲಿ ಹಿಟ್ಟಿನ ಗಿರಣಿ. ಆತ ಓಣಿಯ ಗಂಡಸರನ್ನು ಕಟ್ಟಿಕೊಂಡು ನೇಸರಗಿಯ ಬಸ್‌ಸ್ಟ್ಯಾಂಡಿಗೆ ಹುಡುಕಲು ಹೋಗಿದ್ದ. ತಾಯಿ ಅನ್ನಪೂರ್ಣಾ ತರಗತಿಯ ಹೊಸ್ತಿಲ ಮೇಲೆಯೇ ಕೂತಿದ್ದಳು. ಮೊಣಕೈವರೆಗೆ ಜೋಳದ ಹಿಟ್ಟು ಹಾಗೇ ಇತ್ತು. ಶನಿವಾರ ಹುಡುಗಿ ಗೆಳತಿಯ ಮನೆಯಲ್ಲಿ ಆಡಿಕೊಂಡು ಒಂದು ಗಂಟೆಗೆ ಬರುವುದು ರೂಢಿ. ಒಂದೂವರೆಗೆ ತಾಟು ಹಾಕಿ ಕರೆಯಲು ಹೋದಾಗಲೇ ಆಕೆಗೆ ಗೊತ್ತಾದದ್ದು.

“ಪುಸ್ತಕ ತೋರಸ್ರಿ,” ಎಂದೆ.

ಈ ಪುಸ್ತಕದ ಕಥೆ ನನಗೆ ಮೊದಲೇ ಗೊತ್ತಿತ್ತು. ಜೂನ್‌ನಲ್ಲಿ ಹೆಡ್‌ಮಾಸ್ತರ್ ವಿರೂಪಾಕ್ಷ ಅವರು ಪಾಲಕರ ಸಭೆ ಕರೆದು, ಪ್ರತಿ ಮನೆಯೂ ಒಂದು ಗುಟ್ಟಿನ ಮಾತು ಕೊಡಬೇಕು, ತಂದೆತಾಯಿ ಬಿಟ್ಟು ಬೇರೆ ಯಾರೇ ಮಗುವನ್ನು ಕರೆಯಲು ಬಂದರೂ ಆ ಮಾತು ಹೇಳಬೇಕು ಎಂದು ನಿಯಮ ಮಾಡಿದ್ದರು. ಆ ಸಭೆಗೆ ಇಲಾಖೆಯಿಂದ ನಾನೇ ಹೋಗಿದ್ದೆ. ಒಳ್ಳೆ ಕೆಲಸ ಎಂದು ಚಪ್ಪಾಳೆಯನ್ನೂ ತಟ್ಟಿದ್ದೆ. ಕೊಟ್ಟ ಮಾತುಗಳು ಏನೇನು ಎಂದು ತೆರೆದು ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಈಗ ನೋಡಿದೆ.

ಗೊಡಚಿ ವೀರಭದ್ರ. ಯಲ್ಲಮ್ಮ. ಸೊಗಲದ ಸೋಮಪ್ಪ. ಯಲ್ಲಮ್ಮ. ಮೈಲಾರಲಿಂಗ. ಯಲ್ಲಮ್ಮ. ಗೊಡಚಿ ವೀರಭದ್ರ. ಹಾಳೆ ತಿರುವಿದಷ್ಟೂ ಇದೇ. ನಾಲ್ಕನೆಯ ತರಗತಿಯ ಹತ್ತೊಂಬತ್ತು ಮಕ್ಕಳಲ್ಲಿ ಹದಿನೇಳು ಮನೆಯವರು ತಮ್ಮ ಮನೆದೇವರ ಹೆಸರನ್ನೇ ಗುಟ್ಟಿನ ಮಾತು ಎಂದು ಬರೆಸಿದ್ದರು.

ನಮ್ಮ ಕಡೆ ಮನೆದೇವರು ಗುಟ್ಟೇ? ಹೆಣ್ಣು ಕೇಳಲು ಬಂದವರು ಕೇಳುವ ಮೊದಲ ಮಾತೇ ಅದು. ಟ್ರ್ಯಾಕ್ಟರಿನ ಹಣೆಯ ಮೇಲೆ ಅದೇ ಇರುತ್ತದೆ, ಲಗ್ನಪತ್ರಿಕೆಯ ನೆತ್ತಿಯ ಮೇಲೂ ಅದೇ. ನಾನು ಜೀಪಿನಲ್ಲಿ ಬರುವಾಗ ಗಿರಣಿಯ ಬೋರ್ಡು ನೋಡಿದ್ದೆ: ಶ್ರೀ ಗೊಡಚಿ ವೀರಭದ್ರೇಶ್ವರ ಹಿಟ್ಟಿನ ಗಿರಣಿ. ಅಂಗೈ ಅಗಲದ ಕೆಂಪು ಅಕ್ಷರ.

“ಯವ್ವಾ, ಇದೇನ ಇದು?” ಎಂದು ಅನ್ನಪೂರ್ಣಾಳ ಕಡೆ ತಿರುಗಿದೆ. ದನಿ ಗಡಸಾಗಿಯೇ ಬಂತು.

“ಮರೀಬಾರದಂಥಾ ಮಾತು ಬರಸ್ರಿ ಅಂತ ಸರ ಹೇಳಿದ್ರು ಬಾಯಾರ. ಮನಿದೇವ್ರನ್ನ ಯಾರ್ ಮರೀತಾರ?” ಆಕೆ ನನ್ನನ್ನು ನೋಡಲಿಲ್ಲ. “ಆತನ ಹೆಸರಿಟ್ರ ಆತನ ಕಾಯ್ತಾನ ಅಂತ ಇಟ್ಟೀನ್ರಿ.”

ನಾನು ಪುಸ್ತಕ ಮುಚ್ಚಿಟ್ಟೆ.

“ನಿಮ್ಮ ಮೊಬೈಲ್ ಕೊಡ್ರಿ,” ಎಂದು ಕೈಚಾಚಿದೆ. “ಹುಡುಗಿ ಏನರ ನೋಡತಿದ್ಲೇನು?”

“ಚಿತ್ರಕ್ಕ ಬಣ್ಣ ಹಚ್ಚೂ ಆಟ ಒಂದ ಐತ್ರಿ. ಸಂಜಿಮುಂದ ನಾ ಗಿರಣ್ಯಾಗ ಇರ್ತೇನಿ, ಆಕಿ ಮೂಲ್ಯಾಗ ಕುಂತು ಬಣ್ಣ ಹಚ್ಚತಿರ್ತಾಳ. ಕೆಟ್ಟದ್ದೇನಿಲ್ಲ ಅಂತ ನಾನೂ ಬಿಟ್ಟಿದ್ದೆ.”

ಆಟ ತೆರೆದೆ. ನವಿಲು, ಆನೆ, ಗುಡಿಸಲು. ಎಲ್ಲಕ್ಕೂ ಚೆಂದಾಗಿ ಬಣ್ಣ ತುಂಬಿದ್ದಳು. ಕೆಳಗೆ ಗೆಳತಿಯರ ಪಟ್ಟಿ. ಆಟದೊಳಗೇ ಒಬ್ಬರಿಗೊಬ್ಬರು ದನಿ ಕಳಿಸುವ ಗುಂಡಿಯೂ ಇತ್ತು. ಹಾಳಾದವರು, ಬಣ್ಣ ಹಚ್ಚುವ ಆಟಕ್ಕೆ ಇದನ್ನೇಕೆ ಇಟ್ಟಿರಬೇಕು?

ಪಿಂಕಿ ಎಂಬ ಹೆಸರಿನಿಂದ ಅರವತ್ತಕ್ಕೂ ಹೆಚ್ಚು ದನಿ ಬಂದಿದ್ದವು. ಹೆಸರಿನ ಪಕ್ಕದಲ್ಲಿ ಛತ್ರಿ ಹಿಡಿದ ಮೊಲದ ಚಿತ್ರ. ಆ ಪಿಂಕಿ ಇವತ್ತು ಹನ್ನೊಂದೂ ಮುಕ್ಕಾಲಿಗೆ ಗಂಗಾಳ ಗೆಳೆತನ ಕಿತ್ತುಹಾಕಿ ಮಾಯವಾಗಿದ್ದಳು. ಇಲ್ಲಿಂದ ಏನು ಕಳಿಸಿದರೂ ಹೋಗುತ್ತಿರಲಿಲ್ಲ. ಹಳೆಯ ದನಿಗಳು ಮಾತ್ರ ಉಳಿದಿದ್ದವು.

ಒಂದನ್ನು ಒತ್ತಿದೆ.

“ಗಂಗಾ, ನಿಮ್ಮ ಮನಿದೇವ್ರು ಯಾವುದ? ನಮ್ಮದು ಗೊಡಚಿ ವೀರಭದ್ರ.”

ಕೆಳಗೆ ಗಂಗಾಳ ಉತ್ತರ: “ನಮ್ದೂ ಅದ ಐತಿ. ಹಂಗಾರ ನಾವ್ ಅಕ್ಕ-ತಂಗಿ ಆದ್ವಿ.”

ಕೊನೆಯದು ನಿನ್ನೆ ಸಂಜೆಯದು. “ನಾಳೆ ನನ್ನ ಬರ್ತಡೇ. ಸಾಲಿ ಬಿಟ್ಟಮ್ಯಾಲೆ ನಮ್ಮ ಕಾಕಾ ನಿನ್ನ ಕರಿಯಾಕ ಬರತಾರ. ಟೀಚರ್ ಕೇಳಿದ್ರ ನಮ್ಮ ಕಾಕಾ ಅಂತ ಹೇಳು. ನಿಮ್ಮವ್ವಗ ಹೇಳಬ್ಯಾಡ, ಆಮ್ಯಾಲ ಕೇಕ್ ಒಯ್ದು ಕೊಡೂಣು.”

ವರದಾ ಬಾಯಿಗೆ ಕೈ ಹಿಡಿದಳು. “ನಾ ಕೇಳೀನ್ರಿ. ‘ಇವರು ಯಾರು ಗಂಗಾ’ ಅಂತ ಕೇಳೀನಿ. ‘ಕಾಕಾ’ ಅಂದ್ಲು. ನಕ್ಕೋತ ಹೋದಳ್ರಿ.”

ನಮ್ಮಲ್ಲಿ ದಾರಿಯಲ್ಲಿ ಹೋಗುವವನೂ ಕಾಕಾನೇ. ಅದಕ್ಕೆ ಅವಳನ್ನೇನು ಅನ್ನಲಿ?

ನನ್ನನ್ನು ಹೆದರಿಸಿದ್ದು ಆ ಮಾತುಗಳಲ್ಲ, ಆ ದನಿ. ಇಂಥ ಪ್ರಕರಣಗಳಲ್ಲಿ ಗಂಡಸರು ಮಕ್ಕಳ ಹೆಸರಿಟ್ಟುಕೊಂಡು ಟೈಪ್ ಮಾಡುವುದನ್ನು ನೋಡಿದ್ದೇನೆ. ಇಲ್ಲಿ ಟೈಪ್ ಮಾಡಿದ್ದು ಒಂದಕ್ಷರವೂ ಇರಲಿಲ್ಲ. ಮಾತಾಡುತ್ತಿದ್ದುದು ನಿಜವಾಗಿಯೂ ಎಂಟೊಂಬತ್ತು ವರ್ಷದ ಹುಡುಗಿ. ಹಾಗಾದರೆ ಈ ಹುಡುಗಿ ಯಾರವಳು? ಅವಳ ತಾಯಿ ಎಲ್ಲಿ ಕೂತು ಅಳುತ್ತಿದ್ದಾಳೆ?

ಆಟದ ಕಂಪನಿಗೆ ಬೆಳಗಾವಿಯಿಂದ ಪತ್ರ ಹೋಗಬೇಕು, ಉತ್ತರ ಬರಲು ಎರಡು ದಿನವಾದರೂ ಬೇಕು. ಎರಡು ದಿನ ನನ್ನ ಬಳಿ ಇರಲಿಲ್ಲ.

ಮೂಲೆಯಲ್ಲಿ ನಿಂತಿದ್ದ ವಿರೂಪಾಕ್ಷ ಮಾಸ್ತರರನ್ನು ಕರೆದೆ. ಐವತ್ತೇಳರ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. “ನಾಲ್ಕೂ ತಾಲೂಕಿನ ಹೆಡ್‌ಮಾಸ್ತರರಿಗೆ ಫೋನ್ ಹಚ್ರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ಆಟ, ಮೊಲದ ಚಿತ್ರದ ಪಿಂಕಿ, ಯಾರ ಮನಿ ಮೊಬೈಲ್‌ದಾಗ ಅದಾಳ ಅಂತ ಒಬ್ಬೊಬ್ಬ ತಾಯಿಗೂ ಟೀಚರ್ ಫೋನ್ ಮಾಡಿ ಕೇಳ್ಬೇಕು. ಗ್ರೂಪಿಗೆ ಹಾಕಬ್ಯಾಡ್ರಿ. ಅಂವ ಯಾವ ಗ್ರೂಪಿನ್ಯಾಗ ಅದಾನೋ ಯಾರಿಗ್ಗೊತ್ತು.”

“ಹೂಂರಿ,” ಎಂದು ಅವರು ಹೊರಗೆ ಹೋದರು. ಹೋಗುವಾಗ ಮೇಜಿನ ಮೇಲಿನ ಪುಸ್ತಕವನ್ನೂ ಎತ್ತಿಕೊಳ್ಳಲು ನೋಡಿದರು.

“ಅದು ಇಲ್ಲೇ ಇರಲಿ ಮಾಸ್ತರ.”

ಅವರು ಪುಸ್ತಕ ಬಿಟ್ಟರು.

ಅಷ್ಟರಲ್ಲಿ ನನ್ನ ಕಾನ್‌ಸ್ಟೇಬಲ್ ಬೀರಪ್ಪ ಜೀಪಿನ ಹತ್ತಿರದಿಂದ ಓಡಿ ಬಂದ. ಹೊಟ್ಟೆಯ ಮನುಷ್ಯ, ಓಡುವುದು ಅಪರೂಪ. “ಮೇಡಮ್ಮಾರ, ಕಂಡಕ್ಟರ್ ಸಿಕ್ಕಾನ್ರಿ. ಹನ್ನೊಂದೂ ಐವತ್ತರ ಸವದತ್ತಿ ಗಾಡಿ. ಲೈನಿನ್ಯಾಗ ಅದಾನ.”

ಕಂಡಕ್ಟರ್ ಹೆಸರು ಅಮೋಘಸಿದ್ದಪ್ಪ. ಕೇಳುವುದಕ್ಕಿಂತ ಮೊದಲೇ ಹೇಳತೊಡಗಿದ.

“ಹೊಸಗಟ್ಟಿ ಕ್ರಾಸಿನ್ಯಾಗ ಹತ್ತಿದ್ರಿ ಮೇಡಂ. ಒಂದು ಗಂಡಸು, ಒಂದು ಹುಡುಗಿ. ಅಂವ ಒಂದು ಫುಲ್ ಒಂದು ಹಾಫ್ ಅಂದ. ನಾ ನಕ್ಕೆ. ‘ಹೆಣ್ಣುಡುಗಿಗೆ ಫ್ರೀ ಐತೋ ಮಾರಾಯ, ಆಧಾರ್ ತೋರಸು, ಸೊನ್ನಿ ಟಿಕೇಟ ಕೊಡತೇನಿ’ ಅಂದೆ. ‘ಇರ್ಲಿ ಬಿಡ್ರಿ, ಹಾಫ್ ಹರೀರಿ’ ಅಂದ. ಈ ಸ್ಕೀಮ್ ಬಂದಾಗಿಂದ ಹುಡುಗಿಗೆ ರೊಕ್ಕಾ ಕೊಟ್ಟು ಟಿಕೇಟ ತಗೊಂಡ ಮನಷ್ಯಾನ್ನ ನಾ ಮೊದಲ್ನೇ ಸಲ ನೋಡಿದ್ದು. ಅದಕ್ಕ ನೆನಪೈತ್ರಿ.”

“ಹುಡುಗಿ ಅಳತಿದ್ಲೇನು?”

“ಇಲ್ರಿ. ಕಿಡಕಿ ಕಡೆ ಕುಂತಿದ್ಲು. ಬೈಲಹೊಂಗಲ ದಾಟಿದ ಮ್ಯಾಲೆ ಒಮ್ಮೆ ‘ಕಾಕಾ, ಇನ್ನ ಎಷ್ಟ್ ದೂರ’ ಅಂತ ಕೇಳಿದ್ಲು. ಸವದತ್ತ್ಯಾಗ ಇಳದ್ರು.”

ನಾನು ಸವದತ್ತಿಗೆ ಫೋನು ಹಚ್ಚಿದೆ. ಬಸ್‌ಸ್ಟ್ಯಾಂಡಿನ ಕ್ಯಾಮರಾ ನೋಡಲು ಅಲ್ಲಿಯವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಒಂದೂ ನಲವತ್ತಕ್ಕೆ ಇಬ್ಬರೂ ರಾಮದುರ್ಗದ ಬಸ್ಸು ಹತ್ತಿದ್ದರು. ಹತ್ತುವಾಗ ಹುಡುಗಿ ಹಿಂದೆ ಎಳೆಯುತ್ತಿದ್ದಳಂತೆ. ಅವನು ರಟ್ಟೆ ಹಿಡಿದಿದ್ದನಂತೆ.

ಇದನ್ನು ನಾನು ಅನ್ನಪೂರ್ಣಾಳಿಗೆ ಹೇಳಲಿಲ್ಲ. ಆದರೆ ಆಕೆ ನನ್ನ ಮುಖ ನೋಡುತ್ತಿದ್ದಳು.

“ರಾಮದುರ್ಗ ಅಂದ್ರ ಎಷ್ಟ್ ದೂರ್ರಿ?”

“ಎರಡು ತಾಸು.”

“ಹೋಗೂಣ್ರಿ.”

“ಹೋಗೂಣು ತಂಗಿ. ಎರಡ ನಿಮಿಷ.”

ರಾಮದುರ್ಗದ ಠಾಣೆಗೆ ಗುರುತು ಕಳಿಸಿ, ಪುಸ್ತಕವನ್ನು ವಶಕ್ಕೆ ತೆಗೆದುಕೊಳ್ಳಲು ಪಂಚನಾಮೆ ಬರೆಯತೊಡಗಿದೆ. ನಮ್ಮಲ್ಲಿ ಯಾವ ಪುಸ್ತಕ ವಶಪಡಿಸಿಕೊಂಡರೂ ಪುಟ ಎಣಿಸಿ ಬರೆಯಬೇಕು. ಮೊದಲ ಪುಟದಲ್ಲಿ ವಿರೂಪಾಕ್ಷ ಮಾಸ್ತರರ ಮುತ್ತಿನಂಥ ಅಕ್ಷರ, ಕೆಳಗೆ ಸಹಿ, ಮೊಹರು: ‘ಈ ಪುಸ್ತಕದಲ್ಲಿ ಒಟ್ಟು ೯೬ ಪುಟಗಳಿವೆ ಎಂದು ದೃಢೀಕರಿಸಲಾಗಿದೆ.’ ಪ್ರತಿ ಪುಟಕ್ಕೂ ಕೈಯಿಂದಲೇ ಅಂಕಿ ಹಾಕಿದ್ದರು.

ಹಿಂದಿನ ಭಾಗದಲ್ಲಿ ಕರೆಯಲು ಬಂದವರ ವಿವರ ಬರೆಯುವ ಪುಟಗಳಿದ್ದವು. ಐವತ್ತೆರಡರ ಆಚೆ ಐವತ್ತೈದು.

ಮತ್ತೆ ಎಣಿಸಿದೆ. ಒಂದು ಹಾಳೆ ಇಲ್ಲ. ಹೊಲಿಗೆಯ ದಾರದಲ್ಲಿ ಕತ್ತರಿಸಿದ ಸಣ್ಣ ಅಂಚು ಉಳಿದಿತ್ತು. ಬ್ಲೇಡಿನಿಂದ ನೀಟಾಗಿ ಕೊಯ್ದದ್ದು.

“ಬೀರಪ್ಪ, ಮಾಸ್ತರರನ್ನ ಒಳಗ ಕರಿ.”

ಅವರು ಬಂದರು. ನಾನು ಏನೂ ಹೇಳದೆ ಪುಸ್ತಕವನ್ನು ಆ ಜಾಗಕ್ಕೆ ತೆರೆದಿಟ್ಟೆ. ಅವರು ಅದನ್ನು ನೋಡಿದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥದ್ದೇನೂ ಇರಲಿಲ್ಲ.

“ಮಾಸ್ತರ, ಹಾಳಿ ಎಲ್ಲಿ?”

“ಯಾವ ಹಾಳ್ರಿ?”

“ನಿಮ್ಮ ಕೈಯಾರೆ ನಂಬರ ಹಾಕೀರಿ. ತೊಂಬತ್ತಾರು ಅಂತ ಸಿಕ್ಕಾ ಹೊಡದೀರಿ. ತೊಂಬತ್ತನಾಕ ಅದಾವ. ಇಲಿ ತಿಂದಿದ್ರ ಇಷ್ಟು ನೀಟ ತಿಂತಿರ್ಲಿಲ್ಲ.”

“ಶಾಯಿ ಚೆಲ್ಲಿತ್ರಿ, ಅದಕ್ಕ…”

“ಆ ಹೊಸ್ತಿಲ ಮ್ಯಾಲೆ ಕುಂತಾಕಿನ್ನ ನೋಡಿ ಅದನ್ನ ಇನ್ನೊಮ್ಮೆ ಹೇಳ್ರಿ.”

ಅವರು ನೋಡಲಿಲ್ಲ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಆದರೂ ದನಿ ಏರಿಸಲಿಲ್ಲ. ಏರಿಸಿದರೆ ಇಂಥವರು ಇನ್ನಷ್ಟು ಮುಚ್ಚಿಕೊಳ್ಳುತ್ತಾರೆ.

“ಸುಟ್ಟೀರೇನು?”

“ಸರ್ಕಾರಿ ಹಾಳಿ ಸುಡೂದು ಹ್ಯಾಂಗ್ರಿ.”

ಈ ಮನುಷ್ಯ ಹಾಳೆಯನ್ನು ಕೊಯ್ಯಬಲ್ಲ, ಬಚ್ಚಿಡಬಲ್ಲ, ಸುಡಲಾರ. ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಹದಿನಾಲ್ಕು ದಿನ ಅದನ್ನು ಎದೆಯ ಮೇಲೇ ಇಟ್ಟುಕೊಂಡು ಶಾಲೆಗೆ ಬಂದಿದ್ದರು.

ಓದಿದೆ. ಹಿಂದಿನ ಹಿಂದಿನ ಶನಿವಾರದ ದಿನಾಂಕ. ‘ಬಂದವರ ಹೆಸರು: ಮಾಂತೇಶ. ಊರು: ಸವದತ್ತಿ. ಕೇಳಿದ ಮಗು: ಐದನೇ ತರಗತಿ ವಿದ್ಯಾರ್ಥಿನಿ. ಸಂಬಂಧ: ಕಾಕಾ. ಹೇಳಿದ ಮಾತು: ಯಲ್ಲಮ್ಮ. ಮಾತು ತಪ್ಪಿದ್ದರಿಂದ ಮಗುವನ್ನು ಕಳಿಸಲಾಗಿಲ್ಲ. ಗುರುತು: ಬಲಗಿವಿಯ ಹಾಲೆ ಹರಿದಿದೆ.’

ವರದಾ ನನ್ನ ಭುಜದ ಹಿಂದಿನಿಂದ ಓದುತ್ತಿದ್ದಳು. ಓದಿ ಮಾಸ್ತರರ ಕಡೆ ತಿರುಗಿದಳು.

“ಸರ್, ಆವತ್ತು ನಾ ಟ್ರೇನಿಂಗಿಗೆ ಬೈಲಹೊಂಗಲಕ್ಕ ಹೋಗಿದ್ದೆ,” ಎಂದಳು. “ನೀವು ನನಗ ಹೇಳಲಿಲ್ಲ. ಕಿವಿ ಹರದಾಂವ ಒಬ್ಬ ಬಂದಿದ್ದ ಅಂತ ಒಂದು ಮಾತು ಹೇಳಿದ್ರ, ಇವತ್ತು ಅಂವ ಯಾವ ದೇವರ ಹೆಸರು ಹೇಳಿದ್ರೂ ನಾ ಕಳಸ್ತಿರ್ಲಿಲ್ಲ.”

ಮಾಸ್ತರರು ಕುರ್ಚಿಯ ಬೆನ್ನು ಹಿಡಿದುಕೊಂಡರು.

“ನಾಲ್ಕು ವರ್ಷದ ಹಿಂದ ಈ ಸಾಲ್ಯಾಗ ನೂರಾ ನಲವತ್ತು ಮಕ್ಕಳಿದ್ರು ಮೇಡಂ. ಈಗ ಎಂಬತ್ತೇಳು. ದಿನಾ ಮುಂಜಾನೆ ಇಂಗ್ಲಿಷ್ ಮೀಡಿಯಂ ವ್ಯಾನು ಮೂರು ಬರತಾವ ಊರಾಗ. ಯಾವನೋ ಬಂದು ಹುಡುಗಿನ್ನ ಕೇಳಿದ ಅಂತ ಸುದ್ದಿ ಹಬ್ಬಿದ್ರ ಸೋಮವಾರನ ಇಪ್ಪತ್ತು ಟಿ.ಸಿ. ಕೇಳತಾರ. ಆಮ್ಯಾಲ ಸಾಲಿ ಮುಚ್ಚತೈತಿ. ಬಡವರ ಮಕ್ಕಳು ಎಲ್ಲಿ ಹೋಗಬೇಕ್ರಿ? ಮಾತು ತಪ್ಪು ಹೇಳಿದ, ಹೋದ. ನಿಯಮ ಕೆಲಸ ಮಾಡೇತಿ ಅಂದ್ಕೊಂಡೆ.”

“ಅದಕ್ಕ ಯಾರಿಗೂ ಹೇಳಲಿಲ್ಲ.”

“ಹೇಳಬ್ಯಾಡ್ರಿ ಅಂತ ಐದನೇ ಕ್ಲಾಸಿನ ಟೀಚರಿಗೂ ಹೇಳಿದ್ದೆ.”

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅನ್ನಪೂರ್ಣಾ ಎದ್ದು ಬಂದು ಅವರ ಮುಂದೆ ನಿಂತಿದ್ದಳು. ಆಕೆ ಬೈಯಲಿಲ್ಲ. ನನಗದು ಇನ್ನೂ ಕಷ್ಟವಾಯಿತು.

“ಸರ, ಆವತ್ತ ಆ ಹುಡುಗಿ ಉಳೀತಲ್ರಿ. ಆಕಿ ಅವ್ವಗರ ಹೇಳಿದ್ರೇನು?”

“ಇಲ್ಲವ್ವಾ.”

“ನಾವು ಸಾಲಿ ಕಲೀದ ಅಡಾಣ್ಯಾಗೋಳು. ನೀವು ಹೇಳಿದ್ದಕ್ಕ ದೇವ್ರ ಹೆಸರು ಬರಸಿದ್ವಿ. ನೀವು ಹೇಳಿದ್ರ ಗಂಗಾನ್ನ ಮನ್ಯಾಗ ಇಟ್ಕೋತಿದ್ದೆ. ಗಿರಣಿ ಬಂದ್ ಮಾಡಿ ನಾನ ಬಂದು ಕರಕೊಂಡು ಹೋಗತಿದ್ದೆ.” ಆಕೆ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. “ಒಂದ ಮಾತು ಹೇಳಬಾರದಿತ್ತೇನ್ರಿ?”

ಮಾಸ್ತರರು ಕೂತುಬಿಟ್ಟರು. ಮಕ್ಕಳ ಬೆಂಚು, ಮೊಣಕಾಲು ಎದೆಗೆ ಬಂತು. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ ಮುಖ ಮುಚ್ಚಿಕೊಂಡು ಅತ್ತ. ನನಗೆ ಕನಿಕರ ಬರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಅತ್ತರೆ ಏನು ಬಂತು?

“ಅಳೂದು ಆಮ್ಯಾಲ. ಎಷ್ಟು ಮಂದಿ ಹೆಡ್‌ಮಾಸ್ತರರಿಗೆ ಫೋನ್ ಆತು?”

“ಮೂವತ್ತೊಂದ್ರಿ.”

“ಉಳಿದವರಿಗೂ ಮಾಡ್ರಿ.”

ಬೀರಪ್ಪ ಜೀಪು ತಿರುಗಿಸಿ ನಿಲ್ಲಿಸಿದ್ದ. ನಾನು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಅನ್ನಪೂರ್ಣಾಳ ಕೈ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಾಗ ನನ್ನ ಮೊಬೈಲು ಬಡಿಯಿತು. ಗೊತ್ತಿಲ್ಲದ ನಂಬರು. ಗಂಟೆ ನಾಲ್ಕಕ್ಕೆ ಹತ್ತು ನಿಮಿಷ ಇತ್ತು.

“ಯಶೋಧಾ ಮೇಡಮ್ಮಾರೇನ್ರಿ? ನಾ ಸೋಮವ್ವರಿ, ರಾಮದುರ್ಗದಿಂದ. ನಮ್ಮ ಮಗಳ ಸಾಲಿ ಟೀಚರು ಫೋನ್ ಮಾಡಿ ಆಟದ್ದು ಕೇಳಿದ್ರು. ಆ ಮೊಲದ ಪಿಂಕಿ ನಮ್ಮ ಮೊಬೈಲ್‌ದಾಗೂ ಅದಾಳ್ರಿ. ಊಟದ ಹೊತ್ತಿನ್ಯಾಗ ನಮ್ಮ ಶಿವಲೀಲಾ ಅದನ್ನ ಹಿಡ್ಕೊಂಡು ಕುಂತಿದ್ಲು, ನಾ ಬೈದು ಕಸಗೊಂಡೆ. ಈಗ ತಗದು ನೋಡಿದ್ರ ಒಂದು ಹೊಸಾದು ಬಂದೈತ್ರಿ. ಎರಡೂ ಐವತ್ತಕ್ಕ ಬಂದೈತಿ.”

“ಹಚ್ರಿ. ನನಗ ಕೇಳಸ್ರಿ.”

“ನಾ ನಮ್ಮವರ ಫೋನಿನಿಂದ ಮಾತಾಡಾಕತ್ತೀನ್ರಿ. ತಡೀರಿ, ಹತ್ರ ಹಿಡೀತೇನಿ.”

ನಾನು ಸ್ಪೀಕರ್ ಹಾಕಿದೆ. ಹಾಕಬಾರದಿತ್ತು. ಅನ್ನಪೂರ್ಣಾ ಪಕ್ಕದಲ್ಲೇ ಇದ್ದಳು.

“ಶಿವಲೀಲಾ, ನಾ ಪಿಂಕಿ. ಇವತ್ತ ನನ್ನ ಬರ್ತಡೇ ಐತಿ. ನಮ್ಮ ಕಾಕಾ ನಿನ್ನ ಕರಿಯಾಕ ಬರತಾರ. ನೀ ಬರತೀ ಇಲ್ಲೋ ಹೇಳು.”

ಮೊದಲಿನ ಪಿಂಕಿಯ ದನಿ ಅದಲ್ಲ. ಬೇರೆ ಹುಡುಗಿ. ಯಾರೋ ಹೇಳಿಕೊಟ್ಟದ್ದನ್ನು ತುಂಡು ತುಂಡಾಗಿ ಒಪ್ಪಿಸುತ್ತಿತ್ತು.

ಅನ್ನಪೂರ್ಣಾಳ ಉಗುರು ನನ್ನ ಕೈಗೆ ನಾಟಿತು.

“ಗಂಗಾ,” ಎಂದಳು. “ನಮ್ಮ ಗಂಗಾ ಅದಾಳ್ರಿ. ಮೂಗು ಕಟ್ಟೈತಿ, ಅತ್ತಾಳ. ಅತ್ರ ಆಕಿ ಹಿಂಗ ಮಾತಾಡ್ತಾಳ.” ಆಕೆ ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. “ಜೀವಂತ ಅದಾಳ್ರಿ ಬಾಯಾರ.”

ಹೌದು, ಎರಡೂ ಐವತ್ತಕ್ಕೆ ಜೀವಂತ ಇದ್ದಳು. ಮತ್ತೊಬ್ಬಳನ್ನು ಕರೆಯಲು ಅವನು ಅವಳನ್ನೇ ಕೂರಿಸಿದ್ದ. ಹಳೆಯ ಪಿಂಕಿ ಏನಾದಳು ಎಂಬುದನ್ನು ಯೋಚಿಸಲು ನನಗೆ ಧೈರ್ಯವಾಗಲಿಲ್ಲ.

ಸೋಮವ್ವ ಮತ್ತೆ ಲೈನಿಗೆ ಬಂದಳು. “ಮೇಡಮ್ಮಾರ, ಇದನ್ನ ಬ್ಲಾಕ್ ಮಾಡಿಬಿಡಲ್ಯಾ?”

ಬ್ಲಾಕ್ ಮಾಡಿ ಎನ್ನಬೇಕಿತ್ತು. ಸಭೆ ಸಭೆಯಲ್ಲಿ ನಿಂತು ನಾನು ಹೇಳುವುದೇ ಅದು. ಆದರೆ ಗಂಗಾಳ ದನಿ ಬರುವ ದಾರಿ ಈ ಭೂಮಿಯ ಮೇಲೆ ಅದೊಂದೇ ಉಳಿದಿತ್ತು. ಅದನ್ನೂ ಮುಚ್ಚಿದರೆ ಅವನು ಎಲ್ಲಿಗೆ ಹೋದನೆಂದು ಯಾರನ್ನು ಕೇಳಲಿ?

“ಬ್ಯಾಡ್ರಿ ಅನ್ನರಿ,” ಎಂದು ಅನ್ನಪೂರ್ಣಾ ನನ್ನ ಕಾಲಿಗೆ ಬಿದ್ದಳು. “ನಿಮ್ಮ ಕಾಲು ಬೀಳತೇನಿ, ಮುಚ್ಚಬ್ಯಾಡ್ರಿ ಅನ್ನರಿ. ನನ್ನ ಮಗಳು ಅದರಾಗ ಅದಾಳ.”

ಆ ಕಡೆ ಒಬ್ಬ ತಾಯಿ, ಈ ಕಡೆ ಒಬ್ಬ ತಾಯಿ.

“ಸೋಮವ್ವಾರ, ಬ್ಲಾಕ್ ಮಾಡಬ್ಯಾಡ್ರಿ,” ಎಂದೆ. “‘ಬರತೇನಿ, ಎಲ್ಲಿ ಬರಲಿ’ ಅಂತ ಟೈಪ್ ಮಾಡಿ ಕಳಸ್ರಿ. ನಿಮ್ಮ ಮನಿಗೆ ಪೊಲೀಸರನ್ನ ಈಗ ಕಳಸ್ತೇನಿ. ಅಲ್ಲೀ ತನಕ ಓಣ್ಯಾಗ ಯಾರಿಗೂ ಹೇಳಬ್ಯಾಡ್ರಿ.”

ಬೆಂಚಿನ ಮೇಲಿದ್ದ ವಿರೂಪಾಕ್ಷ ಮಾಸ್ತರರು ತಲೆ ಎತ್ತಿ ಬಾಗಿಲಿನಿಂದ ನನ್ನನ್ನು ನೋಡಿದರು. ನಾನು ಬೆನ್ನು ತಿರುಗಿಸಿದೆ.

“ನಿಮಗ ಮಕ್ಕಳ ಅದಾವೇನ್ರಿ?” ಎಂದು ಕೇಳಿದಳು ಸೋಮವ್ವ.

“ಒಬ್ಬಾಕಿ ಅದಾಳ.”

“ಹಂಗಾರ ಕಳಸ್ತೇನ್ರಿ.”

ನಾನು ಬೀರಪ್ಪನಿಗೆ ಸನ್ನೆ ಮಾಡಿದೆ. ಅವನು ಆಗಲೇ ತನ್ನ ಫೋನಿನಲ್ಲಿ ರಾಮದುರ್ಗ ಠಾಣೆಗೆ ಸೋಮವ್ವನ ನಂಬರು ಕೊಟ್ಟು, ಓಣಿ ವಿಚಾರಿಸಿ ಹೊರಡಲು ಹೇಳುತ್ತಿದ್ದ.

“ಕಳಸಿದ್ನಿರಿ,” ಎಂದಳು ಸೋಮವ್ವ. “ನೋಡ್ಯಾರ. ಏನೋ ಬರಾಕತ್ತೈತಿ… ಬಂತ್ರಿ.”

“ಹಚ್ರಿ.”

ಮೊದಲು ಬರೀ ಉಸಿರು ಕೇಳಿಸಿತು. ಹಿಂದೆ ಎಲ್ಲೋ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುತ್ತಿದ್ದವು. ಆಮೇಲೆ ಗಂಗಾಳ ದನಿ ಬಂತು. ಈ ಸಲ ಬಿಕ್ಕಳಿಕೆ ತಡೆಯಲು ಆಗುತ್ತಿರಲಿಲ್ಲ ಅವಳಿಗೆ.

“ಶಿವಲೀಲಾ ಇಲ್ಲೇ ಟ್ಯೂಷನ್‌ದಾಗ ಕುಂತಾಳ. ನಮಗ ಕಿಡಕ್ಯಾಗಿಂದ ಕಾಣಸಾಕತ್ತಾಳ. ಕಾಕಾ ಕೇಳಂದಾನ… ನೀವ್ ಯಾರ್ರಿ?”

ಅನ್ನಪೂರ್ಣಾ ಫೋನಿಗೆ ಬಾಯಿ ಹಚ್ಚಿ “ಗಂಗಾ” ಎಂದು ಕರೆದಳು. ಅದು ಮುಗಿದುಹೋದ ದನಿ, ಉತ್ತರ ಕೊಡುವಂಥದ್ದಲ್ಲ ಎಂದು ಆಕೆಗೆ ಹೇಳುವವರು ಯಾರು?

ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಆಗ ಕೇಳಿದೆ. “ಸೋಮವ್ವಾರ, ನಿಮ್ಮ ಮಗಳು ನಿಮ್ಮ ಹತ್ರ ಇಲ್ಲೇನ್ರಿ?”

“ಮೂರಕ್ಕ ಟ್ಯೂಷನ್‌ಗೆ ಹೋಗ್ಯಾಳ್ರಿ,” ಎಂದಳು ಆಕೆ. “ನಾಕಕ್ಕ ಬಿಡತಾರ.”

ಆಮೇಲೆ ಆಕೆ ಓಡುವ ಸಪ್ಪಳ ಕೇಳಿಸಿತು, ಫೋನು ನೆಲಕ್ಕೆ ಬಿದ್ದ ಸಪ್ಪಳ ಕೇಳಿಸಿತು. ನಾನು ಗಡಿಯಾರ ನೋಡಿದೆ. ನಾಲ್ಕು ಹೊಡೆದು ಒಂದು ನಿಮಿಷವಾಗಿತ್ತು.